ಅಮೋನಿಯಾ 4, ನೈಟ್ರೈಟ್ ಸೊನ್ನೆ, ಮೀನು ಆರಾಮ. ನೀರು ಬದಲಿಸಿದರೆ ಮಾತ್ರ ಒದ್ದಾಟ. ಇದ್ಯಾವ ಲೆಕ್ಕ?

ಮೀನ್‌ಮನೆ:

ನನ್ನ ಟ್ಯಾಂಕ್‌ನ ನೀರಿನ ಟೆಸ್ಟ್ ರೀಡಿಂಗ್‌ಗಳು ಒಂದಕ್ಕೊಂದು ತಾಳೆಯೇ ಆಗುತ್ತಿಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

100 ಲೀಟರ್ ಟ್ಯಾಂಕ್. ಹಳೆಯದು, ಈಗ ಶುರು ಮಾಡಿದ್ದಲ್ಲ. ನಿಯಾನ್ ಟೆಟ್ರಾಗಳ ಒಂದು ಗುಂಪು, ತಳದಲ್ಲಿ ಕೋರಿಡೋರಸ್, ಜೊತೆಗೆ ಒಂದಿಷ್ಟು ಬಸವನಹುಳು. ಗಿಡ ಅಂದರೆ ಮರದ ಬೇರಿಗೆ ಕಟ್ಟಿದ ಅನೂಬಿಯಾಸ್ ಮತ್ತು ಜಾವಾ ಫರ್ನ್, ಅಷ್ಟೇ. ಫಿಲ್ಟರ್ ಹಗಲು ರಾತ್ರಿ ಓಡುತ್ತದೆ. ನೀರು ಆವಿಯಾಗಿ ಇಳಿದಾಗ ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಕಂಡೀಷನರ್ ಹಾಕಿ ಸೇರಿಸುತ್ತೇನೆ. ಹಳೆ ನೀರು ತೆಗೆದು ಹೊಸದು ತುಂಬುವುದು ಅಪರೂಪ, ಯಾಕೆಂದರೆ ತೊಂದರೆ ಆಗುವುದೇ ಆಗ.

ಡ್ರಾಪ್ ಕಿಟ್‌ನಲ್ಲಿ ಬಂದದ್ದು: ಅಮೋನಿಯಾ 4 ಪಿಪಿಎಂ (ಲೀಟರ್‌ಗೆ 4 ಮಿಲಿಗ್ರಾಂ), ನೈಟ್ರೈಟ್ 0, ನೈಟ್ರೇಟ್ 10, ಪಿಎಚ್ 6.0. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣ, ಮೀಟರ್‌ನಲ್ಲಿ 520 ತೋರಿಸುತ್ತದೆ. ನೀರು 25 ಡಿಗ್ರಿ. ನಲ್ಲಿ ನೀರಿನಲ್ಲಿ ಟಿಡಿಎಸ್ 190, ಪಿಎಚ್ ಹಿಡಿದ ತಕ್ಷಣ 7.2, ಅದೇ ಲೋಟದ ನೀರು ಮರುದಿನ 7.8!

ಅರ್ಥ ಆಗದೇ ಇರುವುದು ಇಷ್ಟು. 4 ಪಿಪಿಎಂ ಅಮೋನಿಯಾ ಇದ್ದರೆ ಮೀನು ಬದುಕಬಾರದು ಅಲ್ವಾ? ಇವು ಆರಾಮವಾಗಿ ತಿಂದುಕೊಂಡು ಓಡಾಡಿಕೊಂಡಿವೆ. ಸರಿ, ಅಮೋನಿಯಾ ಇಳಿಸೋಣ ಅಂತ ಅರ್ಧ ನೀರು ಬದಲಿಸಿದರೆ ರೀಡಿಂಗ್ 2ಕ್ಕೆ ಬಂತು, ಆದರೆ ಸ್ವಲ್ಪ ಹೊತ್ತಿನಲ್ಲೇ ಟೆಟ್ರಾಗಳೆಲ್ಲ ಮೇಲೆ ಬಂದು ಬಾಯಿ ಬಡಿದುಕೊಳ್ಳುವುದಕ್ಕೆ ಶುರು ಮಾಡಿದವು, ಎರಡು ಸತ್ತೂ ಹೋದವು. ವಿಷ ಅರ್ಧ ಆದ ಮೇಲೆ ಸಾಯುವುದು ಹೇಗೆ? ಇನ್ನೊಂದು, ಟಿಡಿಎಸ್ 520 ಅಂದರೆ ಗಡಸು ನೀರು. ಗಡಸು ನೀರಿನಲ್ಲಿ ಪಿಎಚ್ 6 ಹೇಗೆ ಬರುತ್ತದೆ?

ಪಾಚಿಪ್ರಿಯ:

ಮೊದಲು ಕಿಟ್ ಮೇಲೆ ಅನುಮಾನ ಪಡಿ, ಆಮೇಲೆ ನೀರಿನ ಮೇಲೆ. ಡಿಸ್ಟಿಲ್ಡ್ ನೀರಿಗೆ ಅಮೋನಿಯಾ ಟೆಸ್ಟ್ ಮಾಡಿ ನೋಡಿ. ಅದರಲ್ಲೂ ಹಸಿರು ಬಂದರೆ ಕಿಟ್ ಕಸಕ್ಕೆ. ನಲ್ಲಿ ನೀರಿಗೂ ಮಾಡಿ, ಕಂಡೀಷನರ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಲ್ಲಿ ನೀರಿಗೆ ಕ್ಲೋರಿನ್ ಬದಲು ಕ್ಲೋರಮೈನ್ ಹಾಕಿರುವ ಕಡೆ ಕಂಡೀಷನರ್ ಅದನ್ನು ಒಡೆದಾಗ ಅಮೋನಿಯಾ ಹೊರಗೆ ಬರುತ್ತದೆ. ಕೆಲವು ಕಂಡೀಷನರ್ ಆ ಅಮೋನಿಯಾವನ್ನು ಹಿಡಿದಿಡುತ್ತವೆ, ಮೀನಿಗೆ ತೊಂದರೆ ಇಲ್ಲ, ಆದರೂ ಕಿಟ್ ಅದನ್ನು ಎಣಿಸಿಬಿಡುತ್ತದೆ. ಹಾಗಾಗಿ ಮೀನು ಚೆನ್ನಾಗಿದೆ ರೀಡಿಂಗ್ ಕೆಟ್ಟದಾಗಿದೆ ಅಂದರೆ ನನಗೆ ಮೊದಲು ಹೊಳೆಯುವುದು ಇದೇ.

ಟ್ಯೂಬ್ ಅನ್ನು ಬಲ್ಬಿನ ಹಳದಿ ಬೆಳಕಿನಲ್ಲಿ ನೋಡಬೇಡಿ. ಸೊನ್ನೆಯ ಹಳದಿಯೂ 0.25ರ ತಿಳಿಹಸಿರೂ ಅಲ್ಲಿ ಒಂದೇ ಥರ ಕಾಣುತ್ತವೆ. ಹಗಲು ಬೆಳಕು, ಹಿಂದೆ ಬಿಳಿ ಹಾಳೆ. ನಿಮ್ಮದು 4 ಆದ್ದರಿಂದ ಬೆಳಕಿನ ಕಾಟ ಇರಲಾರದು, ಆದರೂ ಹೇಳಿದೆ.

ಹನಿಲೆಕ್ಕ:

ಕಿಟ್ ಪರೀಕ್ಷೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ನನಗೆ ಈ ರೀಡಿಂಗ್‌ಗಳಲ್ಲಿ ಒಂದು ಬಿಟ್ಟು ಉಳಿದದ್ದೆಲ್ಲ ನಿಜ ಅನ್ನಿಸುತ್ತಿದೆ. ಸುಳ್ಳು ಹೇಳುತ್ತಿರುವುದು ನೈಟ್ರೇಟ್ 10. ಮತ್ತೆ, ನೀವು ಮಾಡದೇ ಇರುವ ಒಂದು ಟೆಸ್ಟ್ ಇದೆ, ಕೆಎಚ್, ಅಂದರೆ ನೀರು ಆಮ್ಲವನ್ನು ಎಷ್ಟು ತಡೆದುಕೊಳ್ಳಬಲ್ಲದು ಅನ್ನುವುದು. ಅದು ಸೊನ್ನೆಗೆ ಬಂದಿದೆ ಅಂತ ನನ್ನ ಊಹೆ.

ಪಿಎಚ್ 6.0 ಅಂತ ಬರೆದಿದ್ದೀರಿ. ಸಾಮಾನ್ಯ ಪಿಎಚ್ ಕಿಟ್‌ನ ಬಣ್ಣದ ಪಟ್ಟಿ 6.0ಯಲ್ಲೇ ಮುಗಿಯುತ್ತದೆ. ಅದರ ಕೆಳಗೆ 5.5 ಇರಲಿ, 5 ಇರಲಿ, ಟ್ಯೂಬ್ ಅದೇ ಹಳದಿ. ಅಂದರೆ ನಿಮ್ಮ ರೀಡಿಂಗ್‌ನ ಅರ್ಥ "6 ಅಥವಾ ಅದಕ್ಕಿಂತ ಕೆಳಗೆ ಎಲ್ಲೋ".

ಈಗ ಅಮೋನಿಯಾ. ಕಿಟ್ ತೋರಿಸುವ 4 ಅನ್ನುವುದು ಎರಡು ರೂಪಗಳ ಮೊತ್ತ. ಒಂದು ಅಮೋನಿಯಾ, ಅದು ಕಿವಿರಿನ ಮೂಲಕ ಒಳಗೆ ಹೋಗುವ ವಿಷ. ಇನ್ನೊಂದು ಅಮೋನಿಯಂ, ಅದು ಹೋಲಿಕೆಯಲ್ಲಿ ಸಾಧು. ಯಾವುದು ಎಷ್ಟು ಅನ್ನುವುದನ್ನು ಪಿಎಚ್ ತೀರ್ಮಾನಿಸುತ್ತದೆ. ಬಿಸಿಯೂ ಸ್ವಲ್ಪ. 25 ಡಿಗ್ರಿಯಲ್ಲಿ ಪಿಎಚ್ 6 ಇದ್ದರೆ ವಿಷದ ರೂಪ ಒಟ್ಟಿನಲ್ಲಿ ಶೇಕಡಾ 0.06ರಷ್ಟು. 7ಕ್ಕೆ ಹೋದರೆ 0.6. 8ಕ್ಕೆ ಹೋದರೆ 5ಕ್ಕಿಂತ ಜಾಸ್ತಿ. ಪಿಎಚ್ ಒಂದು ಏರಿದರೆ ವಿಷ ಸುಮಾರು ಹತ್ತು ಪಟ್ಟು.

ನಿಮ್ಮ ಟ್ಯಾಂಕಿಗೆ ಹಾಕಿ ನೋಡಿ. ಮೊದಲು 4 ಪಿಪಿಎಂ, ಪಿಎಚ್ 6: ನಿಜವಾದ ವಿಷ ಸುಮಾರು 0.002. ಅದಕ್ಕೇ ಮೀನು ಆರಾಮ. ಅರ್ಧ ನೀರು ಬದಲಿಸಿದ ಮೇಲೆ ಒಟ್ಟು 2ಕ್ಕೆ ಇಳಿಯಿತು, ನಿಮ್ಮ ನಲ್ಲಿ ನೀರು ಸೇರಿ ಪಿಎಚ್ 7.5ರ ಹತ್ತಿರ ಏರಿತು ಅಂತಿಟ್ಟುಕೊಳ್ಳಿ, ಆಗ ವಿಷದ ಪಾಲು ಶೇಕಡಾ 1.75, ಅಂದರೆ 0.035. ಒಟ್ಟು ಅರ್ಧ ಆಯಿತು, ವಿಷ ಮಾತ್ರ ಸುಮಾರು ಹದಿನೈದು ಪಟ್ಟು ಏರಿತು! ಸಾಮಾನ್ಯವಾಗಿ ಮೀನು ಸಾಕುವವರು 0.02ರ ಕೆಳಗೇ ಇರಲಿ ಅನ್ನುತ್ತಾರೆ. ಜೊತೆಗೆ ಟಿಡಿಎಸ್ ಒಮ್ಮೆಲೇ ಅಷ್ಟು ಬಿದ್ದ ಪೆಟ್ಟು ಬೇರೆ.

ಪಿಎಚ್ ಯಾಕೆ ಬಿತ್ತು? ಫಿಲ್ಟರ್‌ನ ಬ್ಯಾಕ್ಟೀರಿಯಾ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ನೀರಿನ ಬೈಕಾರ್ಬೊನೇಟ್ ತಡೆದುಕೊಳ್ಳುತ್ತದೆ, ತಡೆದುಕೊಂಡು ತಾನೇ ಖರ್ಚಾಗುತ್ತದೆ. ಕೆಎಚ್ ಅಂದರೆ ಆ ಬೈಕಾರ್ಬೊನೇಟ್ ಎಷ್ಟು ಉಳಿದಿದೆ ಅನ್ನುವ ಅಳತೆ. ಲೆಕ್ಕ ಹಿಡಿದರೆ ಸುಮಾರು 11 ಪಿಪಿಎಂ ನೈಟ್ರೇಟ್ ಹುಟ್ಟುವ ಹೊತ್ತಿಗೆ 1 ಡಿಗ್ರಿ ಕೆಎಚ್ ಹೋಗುತ್ತದೆ. ನೀರು ಬದಲಿಸದೆ ಮೇಲಿಂದ ಮೇಲೆ ಸೇರಿಸುತ್ತಾ ಹೋದರೆ ಒಂದು ದಿನ ಅದು ಮುಗಿಯಲೇಬೇಕು. ಮುಗಿದ ಮೇಲೆ ಪಿಎಚ್ ಜಾರುತ್ತದೆ. 6.5ರ ಕೆಳಗೆ ಬ್ಯಾಕ್ಟೀರಿಯಾದ ಕೆಲಸ ಮಂದ, 6ರ ಹತ್ತಿರ ಹೆಚ್ಚುಕಡಿಮೆ ನಿಂತಂತೆ. ಆಮೇಲೆ ಮೀನು ಬಿಡುವ ಅಮೋನಿಯಾ ಹಾಗೇ ಕೂಡುತ್ತದೆ.

ನೈಟ್ರೈಟ್ ಸೊನ್ನೆ ಇರುವುದೂ ಇದಕ್ಕೇ. ಮೊದಲ ಹಂತವೇ ನಡೆಯದಿದ್ದರೆ ನೈಟ್ರೈಟ್ ಹುಟ್ಟುವುದು ಎಲ್ಲಿಂದ?

ಒಂದು ಕೇಳಬೇಕು. ಬಸವನಹುಳುವಿನ ಚಿಪ್ಪು ಹೇಗಿದೆ? ಹತ್ತಿರದಿಂದ ನೋಡಿ ಹೇಳಿ.

ಮೀನ್‌ಮನೆ:

ಚಿಪ್ಪಿನ ವಿಷಯ ಹೇಗೆ ಗೊತ್ತಾಯಿತು ನಿಮಗೆ? ತುದಿಯ ಸುರುಳಿ ಬಿಳಿಚಿಕೊಂಡಿದೆ, ಮೇಲಿನ ಕಂದು ಪದರ ಸುಲಿದು ಸಣ್ಣ ಸಣ್ಣ ಹೊಂಡ ಬಿದ್ದಿದೆ. ಬಾಯಿ ಕಡೆಯ ಹೊಸ ಅಂಚು ಉಗುರಿನಲ್ಲಿ ಒತ್ತಿದರೆ ಬಾಗುವಷ್ಟು ತೆಳು. ವಯಸ್ಸಾಗಿದೆ ಅಂದುಕೊಂಡಿದ್ದೆ.

ಟೆಸ್ಟ್ ಮಾಡಿದೆ. ಡಿಸ್ಟಿಲ್ಡ್ ನೀರಿನಲ್ಲಿ ಅಮೋನಿಯಾ ಸೊನ್ನೆ. ನಲ್ಲಿ ನೀರಿನಲ್ಲಿ ಕಂಡೀಷನರ್‌ಗೆ ಮುಂಚೆಯೂ ಆಮೇಲೂ ಸೊನ್ನೆ. ಟ್ಯಾಂಕ್ ನೀರಿನಲ್ಲಿ ಮತ್ತೆ ಅದೇ ಕಡು ಹಸಿರು, 4. ಕಿಟ್ ಸರಿಯಾಗಿದೆ ಅಂತಾಯಿತು.

ಕೆಎಚ್ ಕಿಟ್ ಸಿಕ್ಕಿತು. ಮೊದಲ ಹನಿಗೇ ನೀರು ನೀಲಿ ಆಗಬೇಕು, ಆಮೇಲೆ ಹನಿ ಎಣಿಸುತ್ತಾ ಹಳದಿಗೆ ತಿರುಗುವವರೆಗೆ ಹಾಕಬೇಕು ಅಂತ ಬರೆದಿದೆ. ನನ್ನದು ಮೊದಲ ಹನಿಗೇ ನೇರ ಹಳದಿ. ನೀಲಿ ಬರಲೇ ಇಲ್ಲ. ನಲ್ಲಿ ನೀರಿಗೆ ಆರು ಹನಿ ಹಿಡಿಯಿತು.

ಆದರೆ ನೈಟ್ರೇಟ್ ಸುಳ್ಳು ಅಂದಿರಲ್ಲ, ಅದ್ಯಾಕೆ? ಉಳಿದ ಬಾಟಲಿಗಳು ಸರಿ ಇದ್ದು ಇದೊಂದೇ ಕೆಡುತ್ತದೆಯೇ?

ಹನಿಲೆಕ್ಕ:

ಹುಳಿ ನೀರು ಚಿಪ್ಪನ್ನು ಕರಗಿಸುತ್ತದೆ, ಅದಕ್ಕೇ ಚಿಪ್ಪಿನ ಬಗ್ಗೆ ಕೇಳಿದ್ದು. ಮೊದಲ ಹನಿಗೇ ಹಳದಿ ಅಂದರೆ 1 ಡಿಗ್ರಿಗಿಂತ ಕಡಿಮೆ, ಸೊನ್ನೆ ಅಂತಲೇ ಹಿಡಿಯಿರಿ. ಮುಂದೆ ಸಣ್ಣ ವ್ಯತ್ಯಾಸ ನೋಡಬೇಕಾಗುತ್ತದೆ, ಆಗ 5 ಎಂಎಲ್ ಬದಲು 10 ಎಂಎಲ್ ನೀರು ತೆಗೆದುಕೊಳ್ಳಿ. ಒಂದು ಹನಿಗೆ ಅರ್ಧ ಡಿಗ್ರಿ ಲೆಕ್ಕ ಸಿಗುತ್ತದೆ.

ನೈಟ್ರೇಟ್ ಕಿಟ್‌ನ ಎರಡನೇ ಬಾಟಲಿಯಲ್ಲಿ ಲೋಹದ ಸಣ್ಣ ಪುಡಿ ಇರುತ್ತದೆ, ಸಾಮಾನ್ಯವಾಗಿ ಸತು. ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸುವುದು ಅದರ ಕೆಲಸ, ಆಮೇಲೆ ಆ ನೈಟ್ರೈಟ್‌ಗೆ ಬಣ್ಣ ಬರುತ್ತದೆ. ಈ ಪುಡಿ ತಳಕ್ಕೆ ಇಳಿದು ಗಟ್ಟಿಯಾಗಿ ಕೂರುತ್ತದೆ. ಸುಮ್ನೆ ಎರಡು ಸಲ ಅಲ್ಲಾಡಿಸಿ ಹನಿ ಹಾಕಿದರೆ ಪುಡಿ ಬರುವುದಿಲ್ಲ, ನೈಟ್ರೇಟ್ ಬದಲಾಗುವುದಿಲ್ಲ, ಬಣ್ಣ ತೆಳ್ಳಗೆ, ನಿಮಗೆ 10. ಬಾಟಲಿಯನ್ನು ಮೇಜಿಗೆ ಕುಟ್ಟಿ, 30 ಸೆಕೆಂಡ್ ಜೋರಾಗಿ ಕುಲುಕಿ, ಹನಿ ಹಾಕಿದ ಮೇಲೆ ಟ್ಯೂಬ್ ಅನ್ನು ಪೂರ್ತಿ ಒಂದು ನಿಮಿಷ ಕುಲುಕಿ, ಐದು ನಿಮಿಷ ಬಿಟ್ಟು ನೋಡಿ. ಬಣ್ಣ ಪಟ್ಟಿಯ ಕೊನೆಗೆ ಹೋಗಿ ನಿಂತರೆ ಒಂದು ಪಾಲು ಟ್ಯಾಂಕ್ ನೀರಿಗೆ ಮೂರು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ ಟೆಸ್ಟ್ ಮಾಡಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ. ಬಾಟಲಿ ಅರ್ಧ ಖಾಲಿಯಾಗುವವರೆಗೂ ಕುಲುಕದೆ ಬಳಸಿದ್ದರೆ ಪುಡಿಯೂ ದ್ರವವೂ ಲೆಕ್ಕ ತಪ್ಪಿರುತ್ತವೆ, ಹೊಸ ಕಿಟ್ ತರುವುದೇ ವಾಸಿ.

ಕೆಸರುಮೀನು:

ಹನಿಲೆಕ್ಕ ಅವರು ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ಆದರೆ "ಪಿಎಚ್ 6ರಲ್ಲಿ ಬ್ಯಾಕ್ಟೀರಿಯಾ ನಿಲ್ಲುತ್ತದೆ" ಅನ್ನುವುದನ್ನು ಅಷ್ಟು ಗಟ್ಟಿಯಾಗಿ ಹೇಳಬೇಡಿ. ನನ್ನ ಬ್ಲ್ಯಾಕ್‌ವಾಟರ್ ಟ್ಯಾಂಕ್‌ನ (ಎಲೆ, ಮರದ ಸಾರದಿಂದ ಕಂದಾದ ನೀರಿನದು) ಪಿಎಚ್ 5.5ರ ಆಸುಪಾಸು. ಅಮೋನಿಯಾ ಸೊನ್ನೆ. ಫಿಲ್ಟರ್‌ನಲ್ಲಿ ಇರುವುದು ಬರೀ ಬ್ಯಾಕ್ಟೀರಿಯಾ ಅಲ್ಲ. ಸಿಹಿನೀರಿನ ಅಕ್ವೇರಿಯಂ ಫಿಲ್ಟರ್‌ಗಳಲ್ಲಿ ಅಮೋನಿಯಾ ತಿನ್ನುವವರ ಪೈಕಿ ಆರ್ಕಿಯಾಗಳೇ (ಬ್ಯಾಕ್ಟೀರಿಯಾ ಅಲ್ಲದ ಬೇರೆ ಗುಂಪಿನ ಸೂಕ್ಷ್ಮಜೀವಿಗಳು) ಜಾಸ್ತಿ ಅಂತ 2011ರಲ್ಲಿ ಬಂದ ಒಂದು ಅಧ್ಯಯನ ತೋರಿಸಿತ್ತು. ಹುಳಿ ನೀರಿಗೆ ನಿಧಾನವಾಗಿ ಒಗ್ಗಿಕೊಂಡ ಟ್ಯಾಂಕ್ ನಡೆಯುತ್ತದೆ.

ಮೀನ್‌ಮನೆ, ಯಾರಾದರೂ "ಬ್ಯಾಕ್ಟೀರಿಯಾ ಬಾಟಲಿ ತಂದು ಸುರಿಯಿರಿ" ಅಂದರೆ ದುಡ್ಡು ದಂಡ ಮಾಡಬೇಡಿ. ಈಗಿನ ನೀರಿನಲ್ಲಿ ಅವೂ ಮಲಗಿಬಿಡುತ್ತವೆ. ಪಿಎಚ್ ಏರಿಸುವ ದ್ರವವನ್ನಂತೂ ಮುಟ್ಟಲೇಬೇಡಿ. 4 ಪಿಪಿಎಂ ಕೂತಿರುವಾಗ ಪಿಎಚ್ ಎಗರಿಸಿದರೆ ಅವತ್ತಿನ ಕಥೆಯೇ ಮತ್ತೆ, ಇನ್ನೂ ಜೋರಾಗಿ.

ಹನಿಲೆಕ್ಕ:

ಒಪ್ಪಿದೆ. ಒಗ್ಗಿಕೊಂಡ ಟ್ಯಾಂಕ್ ಬೇರೆ, ಜಾರಿ ಬಿದ್ದ ಟ್ಯಾಂಕ್ ಬೇರೆ. ನಿಮ್ಮ ಬ್ಲ್ಯಾಕ್‌ವಾಟರ್‌ನಲ್ಲಿ ಗಿಡ ಎಷ್ಟಿದೆ, ಮೀನಿಗೆ ಎಷ್ಟು ಹಾಕುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗಿಡ ಅಮೋನಿಯಂ ಅನ್ನು ನೇರವಾಗಿ ಎಳೆದುಕೊಳ್ಳುತ್ತದೆ. ಅನೂಬಿಯಾಸ್ ಥರದ ನಿಧಾನದ ಗಿಡದಿಂದ ಅಷ್ಟು ಕೆಲಸ ಆಗುವುದಿಲ್ಲ.

ಮೀನ್‌ಮನೆ:

ನೈಟ್ರೇಟ್ ಮತ್ತೆ ಮಾಡಿದೆ. ಬಾಟಲಿ ಹೊಸದೇ, ಕುಟ್ಟಿದಾಗ ಒಳಗೆ ಏನೋ ಕಳಚಿಕೊಂಡ ಹಾಗಾಯಿತು. ಟ್ಯೂಬ್ ರಕ್ತಗೆಂಪು. ನೀರು ಬೆರೆಸಿ ಮಾಡಿದಾಗ 40 ಬಂತು. ಅಂದರೆ 160!

ಈಗ ಇನ್ನೊಂದು ಗೊಂದಲ. 160ನ್ನು 11ರಿಂದ ಭಾಗಿಸಿದರೆ 14 ಡಿಗ್ರಿ ಮೇಲೆ ಕೆಎಚ್ ಖರ್ಚಾಗಿರಬೇಕು. ನಲ್ಲಿ ನೀರಿನಲ್ಲಿ ಇರುವುದೇ 6.

ಹನಿಲೆಕ್ಕ:

ಲೆಕ್ಕ ಸರಿಯಾಗಿದೆ. ನೀವು ಆವಿಯಾದ ನೀರಿಗೆ ಬದಲಾಗಿ ಸೇರಿಸಿದ ಪ್ರತಿ ಕೊಡದ ಜೊತೆಗೂ 6 ಡಿಗ್ರಿಯ ಕೆಎಚ್ ಒಳಗೆ ಬಂದಿದೆ. ಆವಿಯಾಗಿ ಹೋಗುವುದು ಬರೀ ನೀರು, ಲವಣ ಹೋಗುವುದಿಲ್ಲ. ಹಾಗೆ ಬಂದದ್ದೂ ಸೇರಿ ಖರ್ಚಾಗಿದೆ.

ಟಿಡಿಎಸ್ 520ರ ಗುಟ್ಟೂ ಇಲ್ಲೇ ಇದೆ. ಆ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು, ಅದನ್ನೇ ಒಂದು ಸಂಖ್ಯೆಯಿಂದ ಗುಣಿಸಿ ಪಿಪಿಎಂ ಅಂತ ತೋರಿಸುತ್ತದೆ. ಕ್ಯಾಲ್ಸಿಯಂ ಯಾವುದು, ನೈಟ್ರೇಟ್ ಯಾವುದು, ಉಪ್ಪು ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಗಡಸುತನ ಅಂದರೆ ಜಿಎಚ್, ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಕೆಎಚ್ ಬೈಕಾರ್ಬೊನೇಟ್. ನಿಮ್ಮಲ್ಲಿ ಕ್ಯಾಲ್ಸಿಯಂ ಉಳಿದಿದೆ, ಕೂಡಿಕೊಂಡೂ ಇದೆ, ಆದರೆ ಅದರ ಜೊತೆಗಿದ್ದ ಬೈಕಾರ್ಬೊನೇಟ್ ಜಾಗಕ್ಕೆ ನೈಟ್ರೇಟ್ ಬಂದು ಕೂತಿದೆ. ಜಿಎಚ್ ಟೆಸ್ಟ್ ಮಾಡಿದರೆ ಜೋರಾಗಿ ಬರುತ್ತದೆ ನೋಡಿ. ಗಡಸು ನೀರು, ಹುಳಿ ನೀರು, ಎರಡೂ ಒಟ್ಟಿಗೆ ಇರಬಹುದು.

ಪಾಚಿಪ್ರಿಯ:

ನಲ್ಲಿ ನೀರಿನ ಎರಡು ಪಿಎಚ್ ಬಗ್ಗೆ ಯಾರೂ ಹೇಳಲೇ ಇಲ್ಲ, ನಾನು ಹೇಳಿಬಿಡುತ್ತೇನೆ. ಪೈಪಿನೊಳಗೆ ಒತ್ತಡದಲ್ಲಿ ಇದ್ದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಕರಗಿರುತ್ತದೆ, ಅದು ಪಿಎಚ್ ಅನ್ನು ಕೆಳಗೆ ಎಳೆದಿರುತ್ತದೆ. ಲೋಟದಲ್ಲಿ ಒಂದು ದಿನ ಇಟ್ಟರೆ ಗ್ಯಾಸ್ ಹಾರಿಹೋಗಿ ನಿಜವಾದ ಪಿಎಚ್ ಬರುತ್ತದೆ. ನಿಮ್ಮ ನಲ್ಲಿ ನೀರು 7.8ರದ್ದು ಅಂತಲೇ ಇಟ್ಟುಕೊಳ್ಳಿ.

ಕಿಟ್ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ನನ್ನ ಕ್ಲೋರಮೈನ್ ವಾದ ಬಿದ್ದುಹೋಯಿತು. ಈಗ ಸರಿ ಮಾಡುವುದು ಹೇಗೆ ಹೇಳಿ.

ನಿಧಾನಿ:

ನನ್ನ ಹಳೆ ಟ್ಯಾಂಕ್ ಒಂದನ್ನು ಇದೇ ಸ್ಥಿತಿಯಿಂದ ಎತ್ತಿದ್ದೇನೆ, ಹೇಗೆ ಅಂತ ಬರೆಯುತ್ತೇನೆ. ತಾಳ್ಮೆ ಬೇಕು, ಅಷ್ಟೇ.

ಮೊದಲು ಆಹಾರ ಕಡಿಮೆ ಮಾಡಿ. ದಿನ ಬಿಟ್ಟು ದಿನ ಚಿಟಿಕೆ ಸಾಕು, ಟೆಟ್ರಾಗಳು ಸಾಯುವುದಿಲ್ಲ. ಒಳಗೆ ಹೋಗುವುದು ಕಡಿಮೆಯಾದರೆ ಹೊರಗೆ ಬರುವ ಅಮೋನಿಯಾವೂ ಕಡಿಮೆ.

ಎರಡನೆಯದು, ಫಿಲ್ಟರ್‌ನಲ್ಲಿ ಒಂದು ಚೀಲ ಜಿಯೋಲೈಟ್ ಅನ್ನುವ ಖನಿಜದ ಹರಳು ಹಾಕಿ. ಅದು ಅಮೋನಿಯಂ ಅನ್ನೇ ಹೀರಿಕೊಳ್ಳುತ್ತದೆ, ನಿಮ್ಮ ಪಿಎಚ್‌ನಲ್ಲಿ ಇರುವುದೆಲ್ಲ ಅದೇ. ಪಿಎಚ್ ಏರಿಸುವ ಮುಂಚೆಯೇ ಒಟ್ಟು ಅಮೋನಿಯಾ ಇಳಿಸುವುದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಆದರೆ ಜಿಯೋಲೈಟ್ ಇರುವಾಗ ಟ್ಯಾಂಕಿಗೆ ಉಪ್ಪು ಹಾಕಬಾರದು. ಉಪ್ಪಿನ ಸೋಡಿಯಂ ಒಳಗೆ ಹೋಗಿ, ಹಿಡಿದಿಟ್ಟ ಅಮೋನಿಯಂ ಅನ್ನು ಹೊರಗೆ ದಬ್ಬುತ್ತದೆ.

ಆಮೇಲೆ ನೀರು. ಒಮ್ಮೆಗೆ 10 ಲೀಟರ್, ಅದಕ್ಕಿಂತ ಜಾಸ್ತಿ ಬೇಡ, ದಿನಕ್ಕೆ ಒಂದೇ ಸಲ. ಅಮೋನಿಯಾ ಹಿಡಿದಿಡುವ ಕಂಡೀಷನರ್ ಇದ್ದರೆ ಹೊಸ ನೀರು ಸುರಿಯುವ ಮುಂಚೆ ಇಡೀ ಟ್ಯಾಂಕಿನ ಲೆಕ್ಕಕ್ಕೆ ಹಾಕಿ. ಹೊಸ ನೀರನ್ನು ಸಣ್ಣ ಪೈಪಿನಲ್ಲಿ ನಿಧಾನವಾಗಿ ಬಿಡಿ. 10 ಲೀಟರ್‌ನಿಂದ ಅರ್ಧ ಡಿಗ್ರಿ ಚಿಲ್ಲರೆ ಕೆಎಚ್ ಬರುತ್ತದೆ, ಅದರಲ್ಲಿ ಸ್ವಲ್ಪ ಅಲ್ಲೇ ಖರ್ಚಾಗುತ್ತದೆ. ಪಿಎಚ್ ಮೊದಲ ದಿನವೇ 6.5 ದಾಟಬಹುದು. ಗಾಬರಿ ಬೇಡ, ಅಲ್ಲಿ ವಿಷದ ಪಾಲು ಇನ್ನೂ ಶೇಕಡಾ 0.2ರ ಹತ್ತಿರವೇ.

ಅಡುಗೆ ಸೋಡಾ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 100 ಲೀಟರ್‌ಗೆ 3 ಗ್ರಾಂ ಹಾಕಿದರೆ 1 ಡಿಗ್ರಿ ಏರುತ್ತದೆ, ಲೆಕ್ಕ ಸರಳ. ನಲ್ಲಿ ನೀರಿನಲ್ಲೇ ಕೆಎಚ್ ಇಲ್ಲದವರಿಗೆ ಅದು ಬೇಕು. ನಿಮ್ಮ ನಲ್ಲಿಯಲ್ಲೇ 6 ಬರುತ್ತಿರುವಾಗ ಯಾಕೆ? ನೀರು ಬದಲಿಸಿದರೆ ಕೆಎಚ್ ಬರುತ್ತದೆ, ನೈಟ್ರೇಟ್ ಹೋಗುತ್ತದೆ. ಸೋಡಾದಿಂದ ಎರಡನೆಯ ಕೆಲಸ ಆಗುವುದಿಲ್ಲ.

ಬಸವನಹುಳುವಿಗೋಸ್ಕರ ಒಂದು ಹಿಡಿ ಪುಡಿ ಹವಳವನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರ್‌ನಲ್ಲಿಡಿ, ಆದರೆ ಅಮೋನಿಯಾ ಇಳಿದ ಮೇಲೆ. ನೀರು ಹುಳಿಯಾದಷ್ಟೂ ಅದು ಬೇಗ ಕರಗುತ್ತದೆ, ಪಿಎಚ್ 7 ದಾಟಿದ ಮೇಲೆ ಕರಗುವುದು ತುಂಬಾ ನಿಧಾನ. ಸವೆದ ಚಿಪ್ಪು ಮತ್ತೆ ತುಂಬಿಕೊಳ್ಳುವುದಿಲ್ಲ, ಹೊಸದಾಗಿ ಬೆಳೆಯುವ ಭಾಗ ಗಟ್ಟಿಯಾಗಿ ಬರುತ್ತದೆ.

ಮೀನ್‌ಮನೆ:

ನಿಧಾನಿ ಹೇಳಿದ ಹಾಗೇ ಮಾಡುತ್ತಾ ಬಂದಿದ್ದೇನೆ. ಜಿಯೋಲೈಟ್ ಹಾಕಿದ ಮೇಲೆ ಅಮೋನಿಯಾ ಚೆನ್ನಾಗಿ ಇಳಿಯಿತು, ಈಗ 0.5. ಕೆಎಚ್ 3, ಪಿಎಚ್ 7.2. ಟಿಡಿಎಸ್ 340. ಒಂದೂ ಮೀನು ಮೇಲೆ ಬಂದಿಲ್ಲ, ಸತ್ತಿಲ್ಲ. ಜಿಎಚ್ ಟೆಸ್ಟ್ ಶುರುವಿನಲ್ಲೇ ಮಾಡಿಟ್ಟಿದ್ದೆ, 17 ಬಂದಿತ್ತು, ಹನಿಲೆಕ್ಕ ಹೇಳಿದಂತೆಯೇ.

ಆದರೆ ಇಷ್ಟು ದಿನ ಸೊನ್ನೆ ಇದ್ದ ನೈಟ್ರೈಟ್ ಈಗ 0.5 ತೋರಿಸುತ್ತಿದೆ. ಸರಿಹೋಗುತ್ತಿದೆ ಅನ್ನುವಾಗ ಇದೇನು ಹೊಸ ಕಾಟ? ನೈಟ್ರೇಟ್ ಕೂಡ ನೀರು ಬದಲಿಸಿದಷ್ಟು ಇಳಿಯುತ್ತಿಲ್ಲ.

ಹನಿಲೆಕ್ಕ:

ಒಳ್ಳೆಯ ಲಕ್ಷಣ. ಅಮೋನಿಯಾ ತಿನ್ನುವವು ಎದ್ದಿವೆ, ನೈಟ್ರೈಟ್ ತಿನ್ನುವವು ಇನ್ನೂ ಹಿಂದೆ ಇವೆ. ಹೊಸ ಟ್ಯಾಂಕ್ ಸೈಕಲ್ ಆಗುವಾಗ, ಅಂದರೆ ಫಿಲ್ಟರ್‌ನಲ್ಲಿ ಇವು ನೆಲೆಯೂರುವಾಗ, ಆಗುವುದೂ ಹೀಗೇ, ನಿಮ್ಮದರಲ್ಲಿ ಫಿಲ್ಟರ್ ಹಳೆಯದಾದ್ದರಿಂದ ಬೇಗ ಮುಗಿಯುತ್ತದೆ. ಅಲ್ಲಿಯವರೆಗೆ ದಿನಾ 10 ಲೀಟರ್ ಬದಲಿಸುವುದನ್ನು ಬಿಡಬೇಡಿ. ಈಗ ಪಿಎಚ್ ಟ್ಯಾಂಕ್‌ನಲ್ಲೂ ನಲ್ಲಿಯಲ್ಲೂ ಹತ್ತಿರ ಹತ್ತಿರ ಇದೆ, ಅಮೋನಿಯಾವೂ ಕಡಿಮೆ, ಹಾಗಾಗಿ ನೈಟ್ರೈಟ್ 1ಕ್ಕೆ ಹೋದರೆ 20 ಲೀಟರ್ ಬದಲಿಸಿದರೂ ಭಯವಿಲ್ಲ. ನೈಟ್ರೈಟ್ ಕಿವಿರಿನಿಂದ ಒಳಗೆ ಹೋಗುವುದನ್ನು ಕ್ಲೋರೈಡ್ ತಡೆಯುತ್ತದೆ. ಲೀಟರ್‌ಗೆ 0.1 ಗ್ರಾಂ ಉಪ್ಪು ಸಾಕು, ಕೋರಿಡೋರಸ್ ಅಷ್ಟನ್ನು ತಡೆದುಕೊಳ್ಳುತ್ತವೆ. ಹಾಕುವುದಾದರೆ ಜಿಯೋಲೈಟ್ ಚೀಲವನ್ನು ಮೊದಲು ಹೊರಗೆ ತೆಗೆಯಿರಿ, ನಿಧಾನಿ ಹೇಳಿದ್ದು ನೆನಪಿದೆಯಲ್ಲ.

ನೈಟ್ರೇಟ್ ರೀಡಿಂಗ್ ಅನ್ನು ಸದ್ಯಕ್ಕೆ ನಂಬಬೇಡಿ. ಆ ಕಿಟ್ ನೈಟ್ರೇಟನ್ನು ನೈಟ್ರೈಟ್ ಮಾಡಿ ತಾನೇ ಬಣ್ಣ ತರುವುದು, ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಅದನ್ನೂ ಸೇರಿಸಿಕೊಂಡು ಜಾಸ್ತಿ ತೋರಿಸುತ್ತದೆ. ನೈಟ್ರೈಟ್ ಸೊನ್ನೆಗೆ ಬಂದ ಮೇಲೆ ಮತ್ತೆ ಮಾಡಿ. ಕೆಎಚ್ ಮಾತ್ರ ವಾರಕ್ಕೊಮ್ಮೆ ನೋಡುತ್ತಿರಿ, 3ರ ಕೆಳಗೆ ಹೋಗುತ್ತಿದ್ದರೆ ಬದಲಿಸುವ ನೀರು ಸಾಲುತ್ತಿಲ್ಲ ಅಂತ ಅರ್ಥ.